ಹನ್ನೆರಡನೆಯ ಸಾಲು

ಹೇಳಿಬಿಡುತ್ತೇನೆ. ಆವತ್ತು ಬೆಳಗ್ಗೆ ನನ್ನ ಕಾಲನ್ನು ಯಾರೂ ಕಟ್ಟಿಹಾಕಿರಲಿಲ್ಲ. ಮನೆಯಲ್ಲಿ ಯಾರಿಗೂ ಹುಷಾರು ತಪ್ಪಿರಲಿಲ್ಲ. ಎಮ್ಮೆ ಈದಿರಲಿಲ್ಲ. ಆಮೇಲೆ ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ ಕಾರಣಗಳಲ್ಲಿ ಒಂದೂ ನಿಜವಲ್ಲ. ಹೋಗಬಾರದು ಅಂತ ನಾನೇ ತೀರ್ಮಾನ ಮಾಡಿದೆ. ಹೋಗಲಿಲ್ಲ.

ಎಂಬತ್ತಮೂರನೇ ಇಸವಿ. ನಮ್ಮದು ಜಕ್ಕೂರು ಕೆರೆಯ ಹಿಂದಿನ ಸಣ್ಣ ಊರು. ಗಂಡಸರು ಅರ್ಧಕ್ಕರ್ಧ ಯಶವಂತಪುರದ ಫ್ಯಾಕ್ಟರಿಗಳಿಗೆ ಸೈಕಲ್ ತುಳಿಯುತ್ತಿದ್ದರು. ಹೊಲ ಹೆಂಗಸರ ಬೆನ್ನ ಮೇಲೆ ಬಿದ್ದಿತ್ತು. ನಾನು ಗೋಪಾಲಮ್ಮ, ಮಹಿಳಾ ಸಂಘದ ಅಧ್ಯಕ್ಷೆ. ಅಧ್ಯಕ್ಷೆ ಅಂದರೆ ದೊಡ್ಡದೇನಲ್ಲ. ಸಂಘದ ರಾಗಿ ತುಂಬುವ ಮಣ್ಣಿನ ವಾಡೆ ನನ್ನ ಮನೆಯ ಪಡಸಾಲೆಯಲ್ಲಿತ್ತು, ಅಷ್ಟೆ.

ಸಂಘ ಕಟ್ಟಿಸಿದವರು ರತ್ನಕ್ಕ. ಗದಗದ ಕಡೆಯವರು. ಯಲಹಂಕದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಸರ್ಕಾರದ ಗ್ರಾಮಸೇವಕಿ ಕೆಲಸ ಮಾಡುತ್ತಿದ್ದರು.

"ದಿನಾ ಒಲಿ ಹಚ್ಚೂ ಮುಂದ ಒಂದ್ ಹಿಡಿ ರಾಗಿ ತಗದಿಡ್ರಿ," ಅಂದರು. "ಹನ್ನೆರಡು ಮನಿ ಹಿಡಿ ಕೂಡಿದ್ರ ಚೀಲ ಆಗ್ತದ."

ನಾವು ನಕ್ಕೆವು. ಆದರೆ ಇಟ್ಟೆವು. ಶುಕ್ರವಾರ ಶುಕ್ರವಾರ ವಾಡೆಗೆ ತಂದು ಸುರಿದೆವು. ಆ ವರ್ಷ ಆಷಾಢದಲ್ಲಿ ಸಂಘದ ಯಾವ ಹೆಂಗಸೂ ಸೇರು ಹಿಡಿದುಕೊಂಡು ಇನ್ನೊಬ್ಬರ ಬಾಗಿಲಿಗೆ ಹೋಗಲಿಲ್ಲ. ಬೇಕಾದವಳು ವಾಡೆಯಿಂದ ತೆಗೆದುಕೊಂಡು ಸುಗ್ಗಿಯಲ್ಲಿ ತಂದು ಹಾಕಿದಳು.

ಹನ್ನೊಂದು ಜನ ಊರೊಳಗಿನ ಒಕ್ಕಲಿಗರು, ತಿಗಳರು. ಹನ್ನೆರಡನೆಯವಳು ಮುನಿಗಂಗಮ್ಮ. ಹೊಲಗೇರಿಯವಳು. ಅವಳನ್ನು ನಾವು ಪ್ರೀತಿಯಿಂದ ಕರೆದುಕೊಳ್ಳಲಿಲ್ಲ. ಕೇರಿಯ ಒಬ್ಬಳಾದರೂ ಇಲ್ಲದಿದ್ದರೆ ಸಂಘಕ್ಕೆ ಸರ್ಕಾರದ ಬೀಜ, ಗೊಬ್ಬರ ಸಿಗುವುದಿಲ್ಲ ಅಂತ ರತ್ನಕ್ಕ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅದಕ್ಕೆ ಅವಳ ಹೆಸರು ಬರೆಸಿದೆವು. ಬೀಜ ಬಂತು. ಗೊಬ್ಬರ ಬಂತು. ಅವಳು ತಂದ ರಾಗಿಯನ್ನು ನಮ್ಮ ರಾಗಿಯ ಜೊತೆಗೇ ವಾಡೆಗೆ ಸುರಿದೆವು. ಬೇಯಿಸದ ರಾಗಿಗೆ ಮೈಲಿಗೆ ಇಲ್ಲ. ಬೇಯಿಸಿದರೆ ಮೈಲಿಗೆ. ಈ ಕಾನೂನು ಯಾರು ಮಾಡಿದರೋ, ಅವರು ಹೊಟ್ಟೆಬಾಕರೇ ಇರಬೇಕು.

ಒಟ್ಲಿನಲ್ಲಿ ಬೆಳೆಸಿದ ಸಸಿ ಕಿತ್ತು ಹೊಲದಲ್ಲಿ ನೆಡುವ ರಾಗಿ ನಾಟಿಗೆ ನಮ್ಮಲ್ಲಿ ಮುಯ್ಯಿ. ಮುಯ್ಯಿ ಅಂದರೆ ಕೂಲಿ ಇಲ್ಲದ ಕೆಲಸ. ಇವತ್ತು ನಾನು ನಿನ್ನ ಹೊಲದಲ್ಲಿ ಬಗ್ಗಿದರೆ ನಾಳೆ ನೀನು ನನ್ನ ಹೊಲದಲ್ಲಿ ಬಗ್ಗಬೇಕು. ಯಾರ ಹೊಲವೋ ಅವಳು ಮಧ್ಯಾಹ್ನ ಎಲ್ಲರಿಗೂ ಮುದ್ದೆ ಇಕ್ಕಬೇಕು. ಇಕ್ಕದಿದ್ದರೆ ಅವಳಿಗೆ ಅವಮಾನ. ಉಣ್ಣದೆ ಎದ್ದು ಹೋದರೆ ಅದು ಮುಯ್ಯಿಯೇ ಅಲ್ಲ. ಸಂಘದ ಹನ್ನೆರಡು ಜನ ಆ ಶ್ರಾವಣದಲ್ಲಿ ಹನ್ನೆರಡು ಹೊಲಕ್ಕೆ ಮುಯ್ಯಿ ಕಟ್ಟಿದೆವು. ದಿನಕ್ಕೊಂದು ಹೊಲ, ಎತ್ತು ಹೂಡದ ಸೋಮವಾರ ಮಾತ್ರ ಬಿಡುವು. ಸರದಿ ಹಾಕಿದವಳು ನಾನು.

ಮುನಿಗಂಗಮ್ಮ ಬಂದು ಕೇಳಿದಳು. "ಅಕ್ಕ, ನನ್ ಒಟ್ಲು ಪೈರು ಬೆಳ್ದ್ ನಿಂತದೆ. ನಡುವೆ ಎಲ್ಲಾದ್ರೂ ನನ್ ಸರದಿ ಆಕು."

"ನಿಂದು ಕಡೆಗೆ ಇರ್ಲಿ ಬಿಡೆ," ಅಂದೆ.

ಯಾಕೆ ಅಂತ ಅವಳು ಕೇಳಲಿಲ್ಲ. ಅವಳಿಗೂ ಗೊತ್ತು, ನನಗೂ ಗೊತ್ತು. ಅವಳ ಹೊಲಕ್ಕೆ ಹೋದರೆ ಅವಳ ಮುದ್ದೆ ಉಣ್ಣಬೇಕು. ಆ ದಿನವನ್ನು ಎಷ್ಟು ದೂರ ತಳ್ಳಬಹುದೋ ಅಷ್ಟು ದೂರ ತಳ್ಳಿದೆ.

ಹನ್ನೊಂದು ಹೊಲಕ್ಕೂ ಅವಳು ಬಂದಳು. ಎಲ್ಲರಿಗಿಂತ ಮುಂಚೆ ಬಂದಳು. ನೇಗಿಲು ಗೆರೆ ಎಳೆದುಕೊಂಡು ಹೋದ ಹಾಗೆ ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು ಬಗ್ಗುತ್ತಿದ್ದೆವು. ಮುನಿಗಂಗಮ್ಮನಿಗೆ ಯಾವಾಗಲೂ ಅಂಚಿನ ಸಾಲು. ಹನ್ನೆರಡನೆಯದು. ಅವಳ ಸಾಲಿಗೂ ಹನ್ನೊಂದನೆಯವಳ ಸಾಲಿಗೂ ನಡುವೆ ಒಂದು ಮೊಳ ಜಾಗ ಖಾಲಿ ಬಿಡಬೇಕು. ಸೆರಗು ತಾಕಬಾರದಲ್ಲ. ಗೆರೆ ಎಳೆಯುವವನಿಗೆ ಮೊದಲ ದಿನ ಹನ್ನೊಂದನೆಯ ಸಾಲಿನ ಮುನಿಯಲ್ಲಮ್ಮ ಹೇಳಿದಳು, ಆಮೇಲೆ ಹೇಳುವುದೇ ಬೇಕಾಗಲಿಲ್ಲ. ಒಂದು ಪಟ್ಟಿ ಮುಗಿಸಿ ಇನ್ನೊಂದು ಪಟ್ಟಿಗೆ ತಿರುಗಿದರೂ ಅದೇ ಲೆಕ್ಕ. ಹನ್ನೊಂದು ಸಾಲು, ಒಂದು ಮೊಳ ಬೀಳು, ಆಮೇಲೆ ಅವಳ ಸಾಲು. ಆ ವರ್ಷ ನಮ್ಮ ಹೊಲಗಳನ್ನು ನೋಡಿದರೆ ಕುರುಡನಿಗೂ ತಿಳಿಯುತ್ತಿತ್ತು.

ಅವಳ ಕೈ ಚುರುಕು. ಸೊಂಟ ನೆಟ್ಟಗೆ ಮಾಡದೆ ಒಂದು ಸಾಲು ಮುಗಿಸುತ್ತಿದ್ದಳು. ಕೆಸರು ನೀರಿನಲ್ಲಿ ಬೆರಳ ಸಂದಿ ಬಿರಿದು ರಕ್ತ ಬಂದರೆ ಸೀರೆ ಅಂಚಿಗೆ ಒರೆಸಿಕೊಂಡು ಮತ್ತೆ ಬಗ್ಗುತ್ತಿದ್ದಳು. ಮಧ್ಯಾಹ್ನ ನಾವು ಹೊಂಗೆ ನೆರಳಿನಲ್ಲಿ ಕೂತರೆ ಅವಳು ಬದುವಿನ ಆಚೆ ಬಿಸಿಲಿನಲ್ಲಿ ಕೂರುತ್ತಿದ್ದಳು. ಯಾರ ಹೊಲವಾದರೂ ಅವಳ ಮುತ್ತುಗದ ಎಲೆಗೆ ಅಧ್ಯಕ್ಷೆ ಅಂತ ನಾನೇ ಮುದ್ದೆ ಹಾಕುತ್ತಿದ್ದೆ. ಮೇಲಿನಿಂದ ಹಾಕುತ್ತಿದ್ದೆ. ಒಂದು ದಿನ ಮುದ್ದೆ ಎಲೆಯ ಅಂಚಿಗೆ ಬಿದ್ದು ಮಣ್ಣಿಗೆ ಉರುಳಿತು. ಅವಳು ಎತ್ತಿಕೊಂಡು, ಮಣ್ಣು ತಾಕಿದ್ದನ್ನು ಉಗುರಿನಲ್ಲಿ ಕೆರೆದು, ಉಂಡಳು. ನಾನು ನೋಡಿಕೊಂಡು ನಿಂತಿದ್ದೆ. ಇನ್ನೊಂದು ಮುದ್ದೆ ಪಾತ್ರೆಯಲ್ಲಿತ್ತು. ಕೊಡಬೇಕು ಅನ್ನಿಸಲಿಲ್ಲ. ಅನ್ನಿಸಲಿಲ್ಲ ಅನ್ನುವುದೇ ಈಗ ನನ್ನನ್ನು ಸುಡುತ್ತದೆ.

ಅವಳಿಗೆ ಕೆರೆ ಕೋಡಿಯ ಪಕ್ಕ ಒಂದು ಎಕರೆ ಸರ್ಕಾರದ ದರಖಾಸ್ತು ಜಮೀನು ಮಂಜೂರಾಗಿತ್ತು. ಎತ್ತಿಲ್ಲ, ಆಳಿಲ್ಲ. ಗಂಡ ಪಿಳ್ಳಣ್ಣ ಆರ್.ಟಿ. ನಗರದಲ್ಲಿ ಮನೆ ಕಟ್ಟುವ ಕಡೆ ಕಲ್ಲು ಹೊರಲು ಹೋಗುತ್ತಿದ್ದ. ಎರಡು ವರ್ಷ ನೆಲ ಬೀಳು ಬಿತ್ತು. ಬೀಳು ಬಿಟ್ಟವಳಿಗೆ ಜಮೀನು ಯಾಕೆ, ರದ್ದು ಮಾಡಿ ಅಂತ ಯಾರೋ ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿದರು. ಯಾರೋ ಏನು ಬಂತು, ನನ್ನ ಗಂಡನ ಅಣ್ಣ ನರಸಿಂಹಯ್ಯನೇ. ಹೆಬ್ಬಾಳದ ಕಡೆಯಿಂದ ಸೈಟು ಮಾಡುವವರು ನಮ್ಮೂರವರೆಗೂ ಬರುತ್ತಿದ್ದ ಕಾಲ. ಆ ಎಕರೆಯ ಮೇಲೆ ಅವನ ಕಣ್ಣು ಬಿದ್ದಿತ್ತು. ಗೌರಿ ಹಬ್ಬದ ಮುಂಚೆ ಸ್ಥಳಕ್ಕೆ ಬರುತ್ತೇವೆ, ಪೈರು ಕಂಡರೆ ಸರಿ, ಇಲ್ಲದಿದ್ದರೆ ಮಂಜೂರಾತಿ ರದ್ದು ಅಂತ ಮುನಿಗಂಗಮ್ಮನಿಗೆ ನೋಟೀಸು ಬಂತು. ಅವಳು ಎರಡು ಮೇಕೆ ಮಾರಿ ಉಳುಮೆ ಮಾಡಿಸಿದಳು. ಉಳಿದದ್ದಕ್ಕೆ ನಮ್ಮ ಮುಯ್ಯಿಯನ್ನು ನಂಬಿದಳು.

ಹನ್ನೊಂದನೆಯ ಹೊಲ ಮುಗಿದ ಸಂಜೆ, ಅವಳ ಸರದಿಯ ಹಿಂದಿನ ದಿನ, ನನ್ನನ್ನು ಬಾವಿ ಹತ್ತಿರ ತಡೆದಳು.

"ಅಕ್ಕ, ನನ್ ಒಲದಾಗೆ ಉಂಬೋಕೆ ಎಲ್ರಿಗೂ ಸಂಕಟ ಅಂತ ನಂಗೊತ್ತು. ಅದ್ಕೆ ಒಸಾ ಮಡಿಕೆ ತಂದಿವ್ನಿ. ನಮ್ಮೋರು ಯಾರೂ ಮುಟ್ಟಿಲ್ಲ. ಮೂರು ಕಲ್ಲು, ಸೌದೆ, ಎಲ್ಲ ಜೋಡ್ಸಿರ್ತೀನಿ. ಇಟ್ಟು ನೀನೇ ಮನೆಯಿಂದ ತಕ್ಕೊಂಡ್ ಬಾ, ನಾನು ರಾಗಿ ಕೊಡ್ತೀನಿ. ಒಲೆ ನೀನೇ ಅಚ್ಚು. ನೀರು ನೀನೇ ಸೇದ್ಕೊ. ನಾನು ದೂರ ಇರ್ತೀನಿ. ನೀನು ಮುದ್ದೆ ಕಟ್ಟಿದ್ರೆ ಎಲ್ರೂ ಉಂತಾರೆ."

ತನ್ನ ಹೊಲದಲ್ಲಿ ತನ್ನ ಒಲೆಯನ್ನು ತಾನೇ ಮುಟ್ಟುವುದಿಲ್ಲ ಅಂತ ಒಬ್ಬ ಹೆಂಗಸು ಬಾಯಿಬಿಟ್ಟು ಹೇಳಬೇಕಾದರೆ ಎಷ್ಟು ನುಂಗಿಕೊಂಡಿರಬೇಕು. ನನಗೆ ಆಗ ಅದು ಹೊಳೆಯಲಿಲ್ಲ. ಒಳ್ಳೆ ಉಪಾಯ ಮಾಡಿದ್ದಾಳೆ ಅನ್ನಿಸಿತು.

"ಬಂದೇ ಬತ್ತೀನಿ ಕಣೆ," ಅಂದೆ. "ಒತ್ತು ಉಟ್ಟೋಕೆ ಮುಂಚೆ ಅಲ್ಲಿರ್ತೀನಿ. ನೀನು ಪೈರು ಕಿತ್ತು ಸಿದ್ಧ ಮಾಡ್ಕೊ."

ಪೈರು ಕಿತ್ತುಕೋ ಅಂತ ಹೇಳಿದವಳೂ ನಾನೇ. ಒಟ್ಲಿನಿಂದ ಕಿತ್ತ ಪೈರು ಒಂದು ದಿನ ತಡೆಯುತ್ತದೆ, ಅಷ್ಟೆ. ಆಮೇಲೆ ಬಾಡಿ ಹುಲ್ಲಾಗುತ್ತದೆ. ಆ ಸಂಜೆಯೇ ಅವಳು, ಪಿಳ್ಳಣ್ಣ, ಅವಳ ತಂಗಿ ಕೂತು ಒಂದು ಎಕರೆಗಾಗುವ ಅಷ್ಟೂ ಪೈರನ್ನು ಕಿತ್ತು ಕಂತೆ ಕಟ್ಟಿದರು.

ದೀಪ ಹಚ್ಚುವ ಹೊತ್ತಿಗೆ ನರಸಿಂಹಯ್ಯ ನಮ್ಮ ಮನೆಗೆ ಬಂದ. ಜಗಲಿಯ ಮೇಲೆ ಕೂತ. ಬೈಯಲಿಲ್ಲ, ಹೆದರಿಸಲಿಲ್ಲ.

"ಭಾನುವಾರ ಯಲಹಂಕದೋರು ನಿನ್ ಮಗಳನ್ನ ನೋಡೋಕೆ ಬತ್ತಾವ್ರೆ ಅಲ್ವಾ," ಅಂದ.

"ಊಂ, ಭಾವ."

"ಒಳ್ಳೆ ಮನೆ. ಉಡ್ಗ ಬಸ್ ಕಂಡಕ್ಟ್ರು. ಒಲಗೇರಿ ಒಲೆ ಅಚ್ಚಿ ಮುದ್ದೆ ಕಟ್ಟಿದೋಳ ಮಗಳನ್ನ ಅವ್ರು ತಕ್ಕೊಂತಾರಾ? ನಂಗೇನು, ನೀನೇ ಯೋಚ್ನೆ ಮಾಡು."

ಅಷ್ಟು ಹೇಳಿ ಎಲೆಅಡಿಕೆ ಹಾಕಿಕೊಂಡು ಹೋದ. ನನ್ನ ಗಂಡ ಏನೂ ಹೇಳಲಿಲ್ಲ. ಅವನು ಹೋಗಬೇಡ ಅಂದಿದ್ದರೂ ನನಗೆ ಒಂದು ನೆಪ ಇರುತ್ತಿತ್ತು. ಅದನ್ನೂ ಅವನು ಕೊಡಲಿಲ್ಲ.

ಬೆಳಗ್ಗೆ ಎದ್ದೆ. ಹಿಟ್ಟು, ಉಪ್ಪು, ಮೆಣಸಿನಕಾಯಿ, ಹುರುಳಿಕಾಳು ಎಲ್ಲ ಬುಟ್ಟಿಗೆ ತುಂಬಿಕೊಂಡು ಹೊರಟೆ. ಕೆರೆ ಏರಿಯವರೆಗೂ ಹೋದೆ. ಹೊಂಗೆ ಮರದ ಹಿಂದೆ ನಿಂತು ನೋಡಿದೆ. ಕೆಳಗೆ ಅವಳ ಹೊಲ. ಮೂರು ಕಲ್ಲಿನ ಮೇಲೆ ಹೊಸ ಮಡಿಕೆ ಕೆಂಪಗೆ ಕೂತಿತ್ತು. ಪಕ್ಕದಲ್ಲಿ ಸೌದೆ ಒಟ್ಟಿತ್ತು. ಬದುವಿನ ಉದ್ದಕ್ಕೂ ಪೈರಿನ ಕಂತೆಗಳ ಮೇಲೆ ಒದ್ದೆ ಗೋಣಿ ಹೊದಿಸಿದ್ದರು. ಮುನಿಗಂಗಮ್ಮ ಒಲೆಯಿಂದ ಇಪ್ಪತ್ತು ಹೆಜ್ಜೆ ದೂರ ನಿಂತಿದ್ದಳು. ಮುಟ್ಟಿಬಿಟ್ಟೇನು ಅಂತ ಎರಡು ಕೈಯನ್ನೂ ಕಂಕುಳಲ್ಲಿ ಅದುಮಿಕೊಂಡಿದ್ದಳು. ಏರಿಯ ಕಡೆಯೇ ನೋಡುತ್ತಿದ್ದಳು. ಜಕ್ಕೂರಿನ ವಿಮಾನದ ಮೈದಾನದಿಂದ ಒಂದು ಪುಟ್ಟ ವಿಮಾನ ಎದ್ದು ತಲೆಯ ಮೇಲೆ ಹೋಯಿತು. ಅವಳು ತಲೆ ಎತ್ತಲಿಲ್ಲ.

ಒಂದು ಬೀಡಿ ಸೇದುವಷ್ಟು ಹೊತ್ತು ನಿಂತೆ. ಕೆಳಗೆ ಇಳಿಯಲು ಐವತ್ತು ಹೆಜ್ಜೆ. ಮಗಳ ಮುಖ ನೆನಪಾಯಿತು ಅಂತ ಹೇಳಬಹುದು. ಸುಳ್ಳು. ನೆನಪಾದದ್ದು ಭಾನುವಾರ ಬರುವವರ ಮುಂದೆ ನನ್ನ ಮಾನ. ಹಿಂದಕ್ಕೆ ತಿರುಗಿದೆ.

ಊರಬಾಗಿಲಿನ ನೀರುತೊಟ್ಟಿಯ ಹತ್ತಿರ ಮುನಿಯಲ್ಲಮ್ಮ ಮತ್ತು ಉಳಿದವರು ಸೀರೆ ಎತ್ತಿ ಕಟ್ಟಿಕೊಂಡು ನಿಂತಿದ್ದರು. ನಾನು ಹೋಗುತ್ತೇನೋ ಇಲ್ಲವೋ ನೋಡಲು ಕಾದಿದ್ದರು. ನಾನು ಹೋಗಿದ್ದರೆ ಹತ್ತು ಜನವೂ ಬರುತ್ತಿದ್ದರು. ಈ ಮಾತು ಮುನಿಯಲ್ಲಮ್ಮ ಆಮೇಲೆ ಎಷ್ಟೋ ಸಲ ನನ್ನ ಮುಖಕ್ಕೇ ಹೇಳಿದ್ದಾಳೆ.

"ಏನಕ್ಕ, ಓಗೋದಾ?" ಅಂದಳು.

"ನಂಗೆ ಮೈ ಸರಿಯಿಲ್ಲ," ಅಂದೆ.

ಕಟ್ಟಿದ ಸೀರೆ ಬಿಚ್ಚಿಕೊಂಡು ಒಬ್ಬೊಬ್ಬರಾಗಿ ಮನೆಗೆ ಹೋದರು.

ಅವಳೂ ಪಿಳ್ಳಣ್ಣನೂ ತಂಗಿಯೂ ಮೂರೇ ಜನ ಆ ದಿನ ಕತ್ತಲಾಗುವವರೆಗೆ ನೆಟ್ಟರು. ಕೇರಿಯ ಉಳಿದ ಹೆಂಗಸರು ಕೂಲಿಗೆ ಹೋಗಿಯಾಗಿತ್ತು. ಎಕರೆಯಲ್ಲಿ ಒಂದು ಮೂಲೆ ಮುಗಿಯಿತು. ಮಧ್ಯಾಹ್ನ ಬಿಸಿಲು ಕಾದಿತ್ತು. ಮಾರನೆಯ ದಿನ ಇನ್ನೂ ಕಾಯಿತು. ಉಳಿದ ಕಂತೆಗಳು ಬಾಡಿ ಹಳದಿಯಾದವು. ಅವನ್ನು ಮೇಕೆಗೆ ಹಾಕೋಣ ಅಂದರೆ ಮೇಕೆಯನ್ನೂ ಮಾರಿದ್ದಳು. ಒಟ್ಲು ಬರಿದಾಗಿತ್ತು. ಗೌರಿ ಹಬ್ಬಕ್ಕೆ ಹದಿನೈದು ದಿನವೂ ಉಳಿದಿರಲಿಲ್ಲ.

ನನ್ನ ಮನೆಗೆ ಬಂದು ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವಳು ಬರಲಿಲ್ಲ. ಭಾನುವಾರ ಯಲಹಂಕದವರು ಬಂದರು. ಉಪ್ಪಿಟ್ಟು ತಿಂದರು. ಹುಡುಗಿ ಒಪ್ಪಿಗೆ ಅಂದರು. ಎಲೆಅಡಿಕೆ ಬದಲಾಯಿಸಿದರು. ನನ್ನ ಮಗಳಿಗೆ ಈಗ ಇಬ್ಬರು ಮಕ್ಕಳು, ಚೆನ್ನಾಗಿದ್ದಾಳೆ.

ಮಂಗಳವಾರ ಬೆಳಗ್ಗೆ ಹಾಡಹಗಲಲ್ಲಿ ಮುನಿಗಂಗಮ್ಮ ಒಂದು ಬುಟ್ಟಿ, ಕಳೆ ಕೀಳುವ ಒಂದು ಕುರ್ಚಿಗೆ ಹಿಡಿದುಕೊಂಡು ಮುನಿಯಲ್ಲಮ್ಮನ ಹೊಲಕ್ಕೆ ಇಳಿದಳು. ಒಂದು ಮೊಳ ಬೀಳಿನ ಆಚೆಯ ಸಾಲಿನಲ್ಲಿ ಕೂತಳು. ಬೇರಿನ ಮಣ್ಣು ಉದುರದ ಹಾಗೆ ಒಂದೊಂದೇ ಬುಡ ಕಿತ್ತು ಬುಟ್ಟಿಗೆ ಜೋಡಿಸಿದಳು. ಒಂದು ಸಾಲು ಮುಗಿದ ಮೇಲೆ ಹನ್ನೊಂದು ಸಾಲು ದಾಟಿ ಮತ್ತೊಂದು. ಮುನಿಯಲ್ಲಮ್ಮ ಬಡಕೊಂಡು ಓಡಿದಳು. ಜನ ಸೇರಿದರು.

"ನನ್ ಸಾಲು ತಕ್ಕೊಂಡ್ ಓಗ್ತಾ ಇವ್ನಿ," ಅಂದಳಂತೆ. "ನಿಮ್ ಸಾಲಿಗೆ ಕೈ ಆಕಿದ್ರೆ ನನ್ ಕೈ ಕಡೀರಿ."

ಯಾರೂ ಅವಳನ್ನು ಹಿಡಿದು ಎಳೆಯಲಿಲ್ಲ. ಎಳೆಯಬೇಕಾದರೆ ಮುಟ್ಟಬೇಕು.

ಬುಧವಾರ ನನ್ನ ಹೊಲ. ನಾನು ಬದುವಿನ ಮೇಲೆ ನಿಂತಿದ್ದೆ. ಅವಳು ತಲೆ ಎತ್ತಲಿಲ್ಲ. ಬಿಸಿಲಿಗೆ ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು.

"ಎರಡು ಸಲ ಕಿತ್ತ ಪೈರು ಉಳಿಯಲ್ಲ ಕಣೆ," ಅಂದೆ. ಅಷ್ಟೇ ಬಾಯಿಗೆ ಬಂತು.

"ಉಳಿಸ್ಕೊಂತೀನಿ."

"ಮುನಿಗಂಗಿ, ಆವತ್ತು ನಾನು ಏರಿ ತಂಕ ಬಂದಿದ್ದೆ."

"ಗೊತ್ತು. ನಿನ್ ಬುಟ್ಟಿ ಕಾಣ್ತಿತ್ತು, ಮರದಿಂದೆ."

ಇನ್ನೊಂದು ಬುಡ ಕಿತ್ತಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳು ನೋಡಿದ್ದಳು. ನಾನು ಬಂದದ್ದನ್ನು ನೋಡಿ ಒಂದು ಗಳಿಗೆ ಸಮಾಧಾನ ಪಟ್ಟಿರಬೇಕು. ಆಮೇಲೆ ನನ್ನ ಬೆನ್ನನ್ನೂ ನೋಡಿದಳು.

ನಾಲ್ಕು ದಿನದಲ್ಲಿ ಹನ್ನೊಂದು ಹೊಲದ ತನ್ನ ಸಾಲುಗಳನ್ನೆಲ್ಲ ಕಿತ್ತು, ಪಿಳ್ಳಣ್ಣನನ್ನೂ ತಂಗಿಯನ್ನೂ ಕೂಡಿಸಿಕೊಂಡು ತನ್ನ ನೆಲದಲ್ಲಿ ನೆಟ್ಟಳು. ಕೆರೆಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಬುಡಬುಡಕ್ಕೆ ಹುಯ್ದಳು. ಭುಜ ಸುಲಿದು ಹೋಗಿತ್ತು ಅಂತ ನೋಡಿದವರು ಹೇಳಿದರು. ಒಬ್ಬಳು ಹನ್ನೊಂದು ದಿನ ಬಗ್ಗಿದರೆ ಒಂದು ಎಕರೆಗೆ ಹತ್ತಿರ ಹತ್ತಿರ ಬರುತ್ತದೆ. ಅದನ್ನು ಅವಳ ಹೊಲ ನೋಡಿದ ಮೇಲೆ ತಿಳಿದುಕೊಂಡೆವು.

ಶುಕ್ರವಾರ ಸಂಜೆ ಶಾಲೆಯ ಜಗಲಿಯಲ್ಲಿ ಸಂಘದ ಸಭೆ. ರತ್ನಕ್ಕ ಬಂದಿದ್ದರು. ನರಸಿಂಹಯ್ಯ ಒಂದು ಕಾಗದ ಬರೆಸಿಕೊಂಡು ಬಂದಿದ್ದ. ಸಂಘದ ಸದಸ್ಯೆ ಮುನಿಗಂಗಮ್ಮ ಹನ್ನೊಂದು ಹೊಲದ ಬೆಳೆ ಕದ್ದಿದ್ದಾಳೆ, ಕ್ರಮ ತೆಗೆದುಕೊಳ್ಳಿ ಅಂತ ಪೊಲೀಸರಿಗೆ. ಅಧ್ಯಕ್ಷೆಯ ರುಜು ಬೇಕು. ಅವಳು ಸ್ಟೇಷನ್ನಿಗೆ ಹೋದರೆ ನೆಟ್ಟ ಪೈರು ನೀರಿಲ್ಲದೆ ಒಣಗುತ್ತದೆ. ಜಮೀನು ಅವನಿಗೆ.

ಮುನಿಗಂಗಮ್ಮ ಮೆಟ್ಟಿಲ ಕೆಳಗೆ ನಿಂತಿದ್ದಳು.

"ಕದ್ದೀಯೇನವಾ?" ಅಂತ ರತ್ನಕ್ಕ ಕೇಳಿದರು.

"ಓಗಿ ಎಣಿಸ್ಕೊಳ್ಳಿ ಅಮ್ಮ. ಅನ್ನೊಂದು ಸಾಲು ಬಿಟ್ಟು ಒಂದು ಮೊಳ ಆಚೆಗಿರೋದು ನನ್ ಸಾಲು. ಆ ಮೊಳ ಬಿಡ್ಸಿದೋರು ಇವ್ರು. ನಾನು ಬಿಟ್ಟಿದ್ದಲ್ಲ."

ರತ್ನಕ್ಕನ ಮುಖ ಕಪ್ಪಿಟ್ಟಿತು. ಸರ್ಕಾರಕ್ಕೆ ಅವರು ಕಳಿಸಿದ್ದ ವರದಿಯಲ್ಲಿ ನಮ್ಮ ಸಂಘದಲ್ಲಿ ಭೇದವಿಲ್ಲ ಅಂತ ಬರೆದಿದ್ದರು.

"ಗೋಪಾಲಮ್ಮ, ನೀವು ಏನಂತೀರಿ?"

"ಆ ಸಾಲು ಅವಳ್ದೇ," ಅಂದೆ. "ನಾನು ರುಜು ಆಕಲ್ಲ."

ನರಸಿಂಹಯ್ಯ ನನ್ನನ್ನು ನುಂಗುವ ಹಾಗೆ ನೋಡಿದ. ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಎದ್ದು ಹೋದ. ರತ್ನಕ್ಕ ನನ್ನ ಬೆನ್ನು ತಟ್ಟಿದರು. ಇವತ್ತಿಗೂ ಊರಲ್ಲಿ ಕೆಲವರು, ಗೋಪಾಲಮ್ಮ ಧೈರ್ಯದ ಹೆಂಗಸು ಅನ್ನುತ್ತಾರೆ. ನಿಜ ಹೇಳಲೇ? ಎಲೆಅಡಿಕೆ ಬದಲಾಗಿತ್ತು. ಮದುವೆ ಗಟ್ಟಿಯಾಗಿತ್ತು. ಆ ಶುಕ್ರವಾರ ಬಾಯಿಬಿಟ್ಟರೆ ನನಗೆ ನಷ್ಟವಿರಲಿಲ್ಲ. ಮಾತು ಕೊಟ್ಟು ತಪ್ಪಿದವಳು ನಾನು, ಏರಿಯಿಂದ ತಿರುಗಿ ಬಂದವಳು ನಾನು ಅಂತ ಆ ಜಗಲಿಯಲ್ಲಿ ಹೇಳಬೇಕಾಗಿತ್ತು. ಹೇಳಲಿಲ್ಲ.

ಮುನಿಗಂಗಮ್ಮ ನನ್ನ ಕಡೆ ನೋಡಲೂ ಇಲ್ಲ. ರತ್ನಕ್ಕನಿಗೆ ಅಂದಳು: "ಅಮ್ಮ, ನನ್ ಎಸ್ರು ಒಡ್ದಾಕಿ. ನಂಗೆ ಈ ಸಂಘ ಬ್ಯಾಡ."

"ಹಂಗ ಸಿಟ್ಟಿಗೆ ಬರಬ್ಯಾಡವಾ. ನಿನ್ನ ರಾಗಿ ವಾಡೇದಾಗ ಐತಿ. ಅದನ್ನಾರ ತಗೊಂಡು ಹೋಗು."

"ಇರ್ಲಿ. ಉಣ್ಣಲಿ. ಬೇಯ್ಸೋದು ಇವ್ರೇ ಅಲ್ವಾ."

ಹೋದಳು. ಆ ರಾಗಿಯನ್ನು ನಾವು ಉಂಡೆವು. ಯಾವ ಹಿಡಿ ಯಾರದು ಅಂತ ಆರಿಸಿ ತೆಗೆಯಲು ಆಗುತ್ತಿರಲಿಲ್ಲ.

ಹಬ್ಬಕ್ಕೆ ಮೂರು ದಿನ ಇರುವಾಗ ತಾಲ್ಲೂಕಿನಿಂದ ಇಬ್ಬರು ಬಂದು ನೋಡಿದರು. ಪೈರು ಕುಳ್ಳಗಿತ್ತು, ಅಲ್ಲಲ್ಲಿ ಸತ್ತಿತ್ತು. ಆದರೆ ಹಸಿರಾಗಿತ್ತು. ಜಮೀನು ಅವಳಿಗೇ ಉಳಿಯಿತು.

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕಡೆಗೆ, ಕಳೆ ಕೀಳುವ ಹೊತ್ತಿಗೆ, ಒಂದು ದಿನ ಯಾರಿಗೂ ಹೇಳದೆ ಅವಳ ಹೊಲಕ್ಕೆ ಹೋದೆ. ಅವಳು, ಅವಳ ತಂಗಿ, ಕೇರಿಯ ಇನ್ನೂ ನಾಲ್ಕು ಹೆಂಗಸರು ಕಳೆ ತೆಗೆಯುತ್ತಿದ್ದರು. ನಾನೂ ಒಂದು ಸಾಲು ಹಿಡಿದು ಕೂತೆ. ಅವಳು ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಮಧ್ಯಾಹ್ನದವರೆಗೂ ಕಿತ್ತೆ. ಅಂಗೈಯಲ್ಲಿ ಬೊಬ್ಬೆ ಬಂತು. ಅದು ಉರಿದಷ್ಟೂ ನನಗೆ ಹಿತವಾಯಿತು. ಇವತ್ತು ಇವಳ ಕೈಯಿಂದ ಉಂಡು ಹೋಗುತ್ತೇನೆ, ಊರು ಏನಾದರೂ ಅಂದುಕೊಳ್ಳಲಿ ಅಂತ ಮನಸ್ಸು ಗಟ್ಟಿಮಾಡಿಕೊಂಡೆ.

ಹೊತ್ತು ನೆತ್ತಿಗೆ ಬಂತು. ಎಲ್ಲರೂ ಕೈ ತೊಳೆದುಕೊಂಡು ಕೂತರು. ನಾನೂ ತೊಳೆದುಕೊಂಡು ಅವರ ಪಕ್ಕದಲ್ಲೇ ಕೂತೆ. ಮುನಿಗಂಗಮ್ಮ ಎಲೆ ಹಾಕಿದಳು. ನನ್ನ ಮುಂದೆ ಹಾಕಲಿಲ್ಲ. ಸೊಂಟದ ಗಂಟು ಬಿಚ್ಚಿ ಮೂರು ರೂಪಾಯಿ ತೆಗೆದು ನನ್ನ ಕೈಯಲ್ಲಿಟ್ಟಳು.

"ಇದೇನೆ?"

"ಕೂಲಿ. ಅರ್ಧ ದಿನದ್ದು."

"ನಾನು ಕೂಲಿಗೆ ಬಂದಿಲ್ಲ ಕಣೆ. ಮುಯ್ಯಿ ತೀರ್ಸೋಕೆ ಬಂದಿದ್ದು."

"ನೀನು ನಂಗೆ ಕೊಡ್ಬೇಕಾದ್ದು ಏನೂ ಇಲ್ವಲ್ಲ ಗೋಪಾಲಮ್ಮ. ನನ್ ಸಾಲು ನಾನೇ ತಕ್ಕೊಂಡಾಯ್ತು."

ಅಕ್ಕ ಅನ್ನಲಿಲ್ಲ. ಹೆಸರು ಹಿಡಿದು ಕರೆದಳು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಲೆಕ್ಕ ಒಪ್ಪಿಸಿದ ಹಾಗೆ ಹೇಳಿದಳು.

"ಒಂದು ಮುದ್ದೆ ಇಕ್ಕೆ," ಅಂದೆ. ಆ ಹೆಂಗಸರೆಲ್ಲರ ಮುಂದೆ ಬಾಯಿಬಿಟ್ಟು ಕೇಳಿದೆ. "ನಾನು ಉಂತೀನಿ."

"ನೀನು ಉಂಡ್ರೆ ನಿಂಗೆ ಅಗುರ ಆಯ್ತದೆ," ಅಂದಳು. "ಅದ್ಕೆ ನಾನು ಯಾಕೆ ಇಕ್ಕಬೇಕು?"

ತಿರುಗಿ ತಂಗಿಯ ಎಲೆಗೆ ಸಾರು ಬಿಟ್ಟಳು. ಅವರು ಉಣ್ಣಲು ಶುರು ಮಾಡಿದರು. ನಾನು ಮೂರು ರೂಪಾಯಿ ಹಿಡಿದುಕೊಂಡು ಎದ್ದು ಬಂದೆ. ಆವತ್ತು ಆ ಹೊಲದಿಂದ ಹಸಿದುಕೊಂಡು ಬಂದವಳು ನಾನೊಬ್ಬಳೇ.